ಕೂದಲಿನ ಔಷಧಿಗೆ ತಲೆ ಒಪ್ಪುವ ದ್ರಾವಕ ಹುಡುಕಿದ ಬಗೆ: ಕೊಡಗಿನ ಒಂದು ಪ್ರಕರಣ

ಹೆಸರು, ಊರು, ತೋಟ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ, ಔಷಧಿಗೆ ಸಂಬಂಧಪಟ್ಟದ್ದನ್ನು ಮುಟ್ಟಿಲ್ಲ. ಇವರು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು. ವಯಸ್ಸು ಮೂವತ್ತರ ಆಸುಪಾಸು. ಮುಂದೆಲ್ಲ ರೈಟರ್ ಎಂದೇ ಕರೆಯುತ್ತೇನೆ. ನಾನು ಅವರು ಔಷಧಿ ಕೊಳ್ಳುವ ಅಂಗಡಿಯ ಫಾರ್ಮಸಿಸ್ಟ್. ಪರೀಕ್ಷೆ, ಚಿಕಿತ್ಸೆಯ ತೀರ್ಮಾನ ಎಲ್ಲ ಚರ್ಮದ ಡಾಕ್ಟರದ್ದು. ದ್ರಾವಣ ಬೆರೆಸಿದ್ದು ಮಾತ್ರ ನಾನು, ಅದೂ ಅವರ ಚೀಟಿ ಇದ್ದಾಗ.

ಹಿನ್ನೆಲೆ

ರೈಟರಿಗೆ ನೆತ್ತಿಯಲ್ಲಿ ಕೂದಲು ತೆಳುವಾಗಿತ್ತು, ಹಣೆಯ ಎರಡೂ ಮೂಲೆ ಹಿಂದೆ ಸರಿದಿತ್ತು. ಅಪ್ಪನಿಗೂ ದೊಡ್ಡಪ್ಪನಿಗೂ ಹಾಗೇ ಆಗಿತ್ತಂತೆ. ಮದುವೆ ಗೊತ್ತಾಗಿತ್ತು, ವರ್ಷದ ಕೊನೆಗೆ ಬರುವ ಪುತ್ತರಿ ಹಬ್ಬ ಕಳೆದ ಮೇಲೆ. ಬೆಂಗಳೂರಿನಲ್ಲಿರುವ ಅತ್ತೆಯ ಮಗನ ಮಾತು ಕೇಳಿ 5% ಮಿನಾಕ್ಸಿಡಿಲ್ ದ್ರಾವಣ ಆನ್‌ಲೈನ್‌ನಲ್ಲಿ ತರಿಸಿಕೊಂಡು ಜೂನ್‌ನಲ್ಲಿ ಶುರು ಮಾಡಿದರು. ದಿನಕ್ಕೆ ಎರಡು ಸಲ, ಸಲಕ್ಕೆ 1 ಮಿಲಿ. ಅಳತೆ ಸರಿಯಾಗಿಯೇ ಇತ್ತು.

ಮಿನಾಕ್ಸಿಡಿಲ್ ಮೊದಲು ಬಂದದ್ದು ಬಿಪಿ ಮಾತ್ರೆಯಾಗಿ, ಅಮೆರಿಕದಲ್ಲಿ 1979ರಲ್ಲಿ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ರೂಪ ಮಾಡಿದರು. 1988ರಲ್ಲಿ 2% ದ್ರಾವಣಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಇಷ್ಟು ಹಳೆಯ ಔಷಧಿಯಾದರೂ ಒಂದು ಕಷ್ಟ ಹಾಗೇ ಉಳಿದಿದೆ. ಇದು ನೀರಿನಲ್ಲಿ ಕರಗುವುದಿಲ್ಲ ಎಂದರೂ ಆದೀತು. 1 ಮಿಲಿ ನೀರು ಸುಮಾರು 2 ಮಿಲಿಗ್ರಾಂ ಹಿಡಿಯುತ್ತದೆ. ಅಷ್ಟೇ ಈಥೈಲ್ ಆಲ್ಕೋಹಾಲ್ ಸುಮಾರು 29 ಮಿಲಿಗ್ರಾಂ, ಪ್ರೊಪೈಲಿನ್ ಗ್ಲೈಕಾಲ್ ಸುಮಾರು 75 ಮಿಲಿಗ್ರಾಂ ಹಿಡಿಯುತ್ತವೆ. 5% ಅಂದರೆ ಮಿಲಿಗೆ 50 ಮಿಲಿಗ್ರಾಂ ಬೇಕು. ಹಾಗಾಗಿ ಮಾಮೂಲಿ 5% ದ್ರಾವಣದಲ್ಲಿ ಅರ್ಧದಷ್ಟು ಪ್ರೊಪೈಲಿನ್ ಗ್ಲೈಕಾಲೇ ಇರುತ್ತದೆ. 2% ದ್ರಾವಣದಲ್ಲಿ ಅದು ಐದರಲ್ಲಿ ಒಂದು ಪಾಲು, ಬಾಕಿ ಹೆಚ್ಚಿನದು ಆಲ್ಕೋಹಾಲ್. ಈ ಲೆಕ್ಕ ಒಂದು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ತೊಂದರೆ

ಕೆಲವು ವಾರಕ್ಕೆ ತುರಿಕೆ ಶುರುವಾಯಿತು. ಆಮೇಲೆ ಉರಿ, ಹೊಟ್ಟು. ಕೂದಲೂ ಜಾಸ್ತಿ ಉದುರತೊಡಗಿತು. ಮಿನಾಕ್ಸಿಡಿಲ್ ಹಚ್ಚಿದ ಮೊದಲ ಎರಡು ತಿಂಗಳಲ್ಲಿ ಹಳೆಯ ಕೂದಲು ಉದುರುವುದು ಸಾಮಾನ್ಯ. ಅದನ್ನು ರೈಟರ್ ಎಲ್ಲೋ ಓದಿದ್ದರು, ಹಾಗಾಗಿ ಉರಿಯನ್ನೂ ಅದರ ಜೊತೆಗೇ ಸೇರಿಸಿಬಿಟ್ಟರು. ‘ಉರಿದರೆ ಔಷಧಿ ಹಿಡೀತಿದೆ ಅಂತ ಅರ್ಥ’ ಎಂದು ತೋಟದಲ್ಲಿ ಯಾರೋ ಧೈರ್ಯವನ್ನೂ ತುಂಬಿದ್ದರು. ಈ ಮಾತನ್ನು ನಮ್ಮ ಕಡೆ ಎಲ್ಲ ಔಷಧಿಗೂ ಹೇಳುತ್ತಾರೆ, ಯಾವುದಕ್ಕೂ ಸರಿಯಲ್ಲ.

ಜುಲೈನ ಒಂದು ಸಂಜೆ ಅಂಗಡಿಗೆ ಬಂದರು. ಮಳೆ ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಕಳಚಿ, ಅದರ ಕೆಳಗಿನ ಟೋಪಿಯನ್ನೂ ತೆಗೆದರು. ‘ಅಣ್ಣಾ, ಹೊಟ್ಟು ಜಾಸ್ತಿ ಆಗಿದೆ. ಒಂದು ಸ್ಟಿರಾಯ್ಡ್ ಲೋಶನ್ ಕೊಡಿ, ನನ್ನ ಫ್ರೆಂಡಿಗೆ ಎರಡೇ ದಿನದಲ್ಲಿ ಕಮ್ಮಿ ಆಯ್ತಂತೆ’ ಎಂದರು.

ಸುಮ್ನೆ ಕೊಟ್ಟು ಕಳಿಸಬಹುದಿತ್ತು. ಎರಡು ದಿನಕ್ಕೆ ಕಡಿಮೆಯೂ ಆಗುತ್ತಿತ್ತು. ಆಮೇಲೆ ಮತ್ತೆ ಮಿನಾಕ್ಸಿಡಿಲ್, ಮತ್ತೆ ಉರಿ, ಮತ್ತೆ ಸ್ಟಿರಾಯ್ಡ್. ಅದನ್ನು ಕೊಡದೆ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಹೊಟ್ಟಿನ ಜೊತೆ ಬೇರೆ ಏನೋ ಇತ್ತು. ಕೂದಲ ಬುಡದಲ್ಲಿ ಸಣ್ಣ ಬಿಳಿ ಪುಡಿ. ಬೆರಳಲ್ಲಿ ಉಜ್ಜಿದರೆ ನುಣ್ಣನೆಯ ಮರಳಿನ ಹಾಗೆ ತಾಕುತ್ತಿತ್ತು. ತಲೆಹೊಟ್ಟು ಹಾಗೆ ತಾಕುವುದಿಲ್ಲ, ಜಿಡ್ಡಾಗಿ ಮೆತ್ತಗಾಗುತ್ತದೆ. ಬಾಟಲಿ ತರಿಸಿ ನೋಡಿದರೆ ಅದರ ಕುತ್ತಿಗೆಯ ಸುತ್ತ ಅದೇ ಪುಡಿ. ಆಲ್ಕೋಹಾಲ್ ಆರಿದ ಮೇಲೆ ಹೊರಬಿದ್ದ ಮಿನಾಕ್ಸಿಡಿಲ್ ಹರಳು ಅದು. ಅಷ್ಟರಿಂದ ತೊಂದರೆ ಇಲ್ಲ. ಆದರೆ ಉರಿಯ ಗುರುತು ಬೇರೆ ಕಡೆ ಇತ್ತು. ಹಣೆಯ ಅಂಚಿನಲ್ಲಿ, ಎಡಕಿವಿಯ ಮುಂದೆ, ದ್ರಾವಣ ಹರಿದು ಇಳಿದ ದಾರಿಯುದ್ದಕ್ಕೂ ಕೆಂಪು ಗೆರೆ. ಕೂದಲೇ ಇಲ್ಲದ ಜಾಗ ಅದು. ಬರೀ ತಲೆಹೊಟ್ಟಾಗಿದ್ದರೆ ಹರಿದ ದಾರಿ ಹಿಡಿದು ಕೆಂಪಾಗುತ್ತಿರಲಿಲ್ಲ.

ಔಷಧಿ ನಿಲ್ಲಿಸಿ, ಬಾಟಲಿ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ ಎಂದೆ. ರೈಟರಿಗೆ ಅದು ಹಿಡಿಸಲಿಲ್ಲ. ನಿಲ್ಲಿಸಿದರೆ ಬಂದ ಕೂದಲೂ ಹೋಗುತ್ತದಲ್ವಾ ಎಂಬ ಭಯ. ಭಯ ಸುಳ್ಳಲ್ಲ, ಮಿನಾಕ್ಸಿಡಿಲ್ ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಅದರ ಲಾಭ ಕರಗಿಹೋಗುತ್ತದೆ. ಆದರೆ ಇವರು ಶುರು ಮಾಡಿ ಎರಡು ತಿಂಗಳೂ ಆಗಿರಲಿಲ್ಲ. ಕಳೆದುಕೊಳ್ಳಲು ಇನ್ನೂ ಏನೂ ಬಂದಿರಲಿಲ್ಲ. ಹಾಗೆ ಲೆಕ್ಕ ಹೇಳಿದ ಮೇಲೆ ಒಪ್ಪಿದರು.

ಯಾವುದು ಉರಿಸಿದ್ದು?

ಡಾಕ್ಟರ ಮುಂದೆ ನಾಲ್ಕು ಸಾಧ್ಯತೆ ಇತ್ತು. ಮಳೆಗಾಲದ ತಲೆಹೊಟ್ಟೇ ಜಾಸ್ತಿಯಾಗಿರಬಹುದು. ದ್ರಾವಕ, ಅಂದರೆ ಔಷಧಿಯನ್ನು ಕರಗಿಸಿ ಹಿಡಿದಿರುವ ದ್ರವ, ಚರ್ಮವನ್ನು ಒಣಗಿಸಿ ಕೆರಳಿಸಿರಬಹುದು, ಅಲರ್ಜಿ ಅಲ್ಲದೆಯೂ ಹೀಗಾಗುತ್ತದೆ. ಪ್ರೊಪೈಲಿನ್ ಗ್ಲೈಕಾಲ್‌ಗೆ ಅಲರ್ಜಿ ಇರಬಹುದು. ಕೊನೆಯದು ಮಿನಾಕ್ಸಿಡಿಲ್‌ಗೇ ಅಲರ್ಜಿ. ಅದು ಕಡಿಮೆ ಕಾಣುವಂಥದ್ದು, ಆದರೆ ಹೌದು ಎಂದಾದರೆ ಹಚ್ಚುವ ದಾರಿಯೇ ಮುಚ್ಚಿದಂತೆ. ಯಾವ ದ್ರಾವಕ ಹಾಕಿದರೂ ಪ್ರಯೋಜನವಿಲ್ಲ. ಹಾಗಾಗಿ ದ್ರಾವಕದ ಮಾತು ಆಮೇಲೆ, ಮೊದಲು ಪ್ಯಾಚ್ ಟೆಸ್ಟ್ ಎಂದರು.

ಅದಕ್ಕೆ ಮುಂಚೆ ತಲೆ ತಣ್ಣಗಾಗಬೇಕಿತ್ತು. ಕೆಲವೇ ದಿನಕ್ಕೆಂದು ಒಂದು ಸ್ಟಿರಾಯ್ಡ್ ಮುಲಾಮು ಬರೆದರು. ಇಲ್ಲೇ ಒಂದು ಸಣ್ಣ ವಿಷಯ ದೊಡ್ಡದಾಯಿತು. ಚರ್ಮದ ಎಷ್ಟೋ ಕ್ರೀಮುಗಳಲ್ಲಿ ಪ್ರೊಪೈಲಿನ್ ಗ್ಲೈಕಾಲ್ ಇರುತ್ತದೆ, ಸ್ಟಿರಾಯ್ಡ್ ಕ್ರೀಮುಗಳಲ್ಲೂ. ಅದಕ್ಕೆ ಅಲರ್ಜಿ ಇರುವವರಿಗೆ ಅದೇ ಇರುವ ಸ್ಟಿರಾಯ್ಡ್ ಹಚ್ಚಿದರೆ ಒಂದು ಕೈಯಲ್ಲಿ ಬೆಂಕಿ ಆರಿಸುತ್ತ ಇನ್ನೊಂದರಲ್ಲಿ ಹಚ್ಚಿದ ಹಾಗೆ. ಕಪಾಟಿನಲ್ಲಿದ್ದ ಟ್ಯೂಬುಗಳನ್ನೆಲ್ಲ ಇಳಿಸಿ ಓದಿ, ಅದಿಲ್ಲದ ವ್ಯಾಸಲಿನ್ ಬೇಸಿನದನ್ನು ಕೊಟ್ಟೆ. ಮೊದಲ ದಿನ ರೈಟರ್ ಕೇಳಿದ್ದ ಲೋಶನ್ ಕೊಟ್ಟಿದ್ದರೆ ಅದರಲ್ಲಿ ಏನೇನಿದೆ ಎಂದು ಯಾರೂ ನೋಡುತ್ತಿರಲಿಲ್ಲ.

ಪ್ಯಾಚ್ ಟೆಸ್ಟ್ ಅಂದರೆ ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಒಂದೊಂದು ವಸ್ತುವನ್ನು ಅಂಟಿಸಿ 48 ಗಂಟೆ ಬಿಡುವುದು. ಆ ಹೊತ್ತಿನಲ್ಲಿ ಬೆನ್ನು ನೆನೆಯಬಾರದು, ಬೆವರಬಾರದು. ಕೊಡಗಿನ ಆಗಸ್ಟ್‌ನಲ್ಲಿ, ತೋಟ ಸುತ್ತುವ ಮನುಷ್ಯನಿಗೆ! ಮಳೆ ನಿಲ್ಲಲಿ, ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಮಾಡೋಣ ಎಂಬ ಮಾತೂ ಬಂತು. ಡಾಕ್ಟರು ಒಪ್ಪಲಿಲ್ಲ. ಅಷ್ಟು ಕಾದರೆ ಈ ಮನುಷ್ಯ ನಡುವೆ ಮತ್ತೆ ಬಾಟಲಿ ಹಿಡಿಯುತ್ತಾನೆ ಎಂದರು. ಅದು ನಿಜ ಎಂದು ನನಗೂ ಅನಿಸಿತು. ರಜೆ ಹಾಕಿಸಿ ಮನೆಯಲ್ಲೇ ಕೂರಿಸಿದರು.

ಎರಡು ದಿನಕ್ಕೆ ಬಿಲ್ಲೆ ತೆಗೆದಾಗ ಪ್ರೊಪೈಲಿನ್ ಗ್ಲೈಕಾಲ್ ಜಾಗದಲ್ಲಿ ತುಸು ಕೆಂಪು. ಅಷ್ಟರಲ್ಲೇ ತೀರ್ಪು ಕೊಡುವ ಹಾಗಿಲ್ಲ. ಈ ದ್ರಾವಕ ಗಟ್ಟಿಯಾಗಿದ್ದರೆ ಅಲರ್ಜಿ ಇಲ್ಲದವರ ಚರ್ಮವೂ ಕೆರಳುತ್ತದೆ, ಅದಕ್ಕೇ ನೀರಿನಲ್ಲಿ ತೆಳು ಮಾಡಿ ಹಾಕುವುದು. ಕೆರಳಿದ ಕೆಂಪು ಮುಂದಿನ ದಿನಗಳಲ್ಲಿ ಇಳಿಯುತ್ತದೆ, ಅಲರ್ಜಿಯ ಕೆಂಪು ಏರುತ್ತದೆ. ನಾಲ್ಕನೇ ದಿನ ಮತ್ತೆ ನೋಡಿದಾಗ ಆ ಜಾಗ ಉಬ್ಬಿತ್ತು, ಸಣ್ಣ ಗುಳ್ಳೆಗಳೂ ಇದ್ದವು. ಪೂರ್ತಿ ದ್ರಾವಣ ಹಾಕಿದ ಜಾಗವೂ ಹಾಗೇ. ಬರೀ ಆಲ್ಕೋಹಾಲಿನಲ್ಲಿ ಕರಗಿಸಿದ ಮಿನಾಕ್ಸಿಡಿಲ್ ಜಾಗ ಮಾತ್ರ ಸ್ವಚ್ಛ. ಎರಡನೇ ದಿನವೇ ಮುಗಿಸಿದ್ದರೆ ‘ಏನೋ ಸ್ವಲ್ಪ ಕೆರಳಿದೆ, ಕಡಿಮೆ ಹಚ್ಚಿ’ ಎಂದು ಹೇಳಿ ಕಳಿಸುವ ಅಪಾಯ ಇತ್ತು. ಇಡೀ ಪ್ರಕರಣ ತಿರುಗಿದ್ದು ಆ ನಾಲ್ಕನೇ ದಿನ.

ಪ್ರೊಪೈಲಿನ್ ಗ್ಲೈಕಾಲ್ ಹೊಸ ಆರೋಪಿಯೇನಲ್ಲ. ಅಮೆರಿಕದ ಚರ್ಮದ ಅಲರ್ಜಿ ತಜ್ಞರ ಸಂಘ 2018ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಅದಿರುವ ಸಾಮಾನುಗಳೂ ನೂರಾರು. ರೈಟರ್ ಮನೆಯಿಂದ ಒಂದು ಚೀಲ ತುಂಬ ತಂದು ಕೌಂಟರ್ ಮೇಲೆ ಸುರಿದರು. ಹೇರ್ ಜೆಲ್, ಡಿಯೋಡರೆಂಟ್, ಶಾಂಪೂ. ಭೂತಗನ್ನಡಿ ಹಿಡಿದು ಓದಿದಾಗ ಜೆಲ್ಲಿನಲ್ಲೂ ಡಿಯೋಡರೆಂಟಿನಲ್ಲೂ ಅದಿತ್ತು. ಅವರ ಅಮ್ಮ ಕಾಯಿಸುತ್ತಿದ್ದ ದಾಸವಾಳದ ಎಣ್ಣೆಯಲ್ಲಿ ಇರುವ ಪ್ರಶ್ನೆಯೇ ಇಲ್ಲ, ಪಾಪ. ಮನೆಯಲ್ಲಿ ಎಲ್ಲರೂ ಮೊದಲು ಬೈದದ್ದು ಅದನ್ನೇ.

ದ್ರಾವಕಗಳ ಆಯ್ಕೆ

ಈ ಹಂತದಲ್ಲಿ ಸುಲಭದ ದಾರಿ ಫೋಮ್, ಅಂದರೆ ನೊರೆಯ ರೂಪದ ಮಿನಾಕ್ಸಿಡಿಲ್. ಅದರಲ್ಲಿ ಪ್ರೊಪೈಲಿನ್ ಗ್ಲೈಕಾಲ್ ಇಲ್ಲ. ಆಲ್ಕೋಹಾಲ್, ನೀರು, ಸ್ವಲ್ಪ ಗ್ಲಿಸರಿನ್, ಮೇಣದಂಥ ಸೀಟೈಲ್ ಮತ್ತು ಸ್ಟಿಯರೈಲ್ ಆಲ್ಕೋಹಾಲ್ ಇರುತ್ತವೆ. ಗಂಡಸರಿಗೆ 5% ಫೋಮ್ ಅಮೆರಿಕದಲ್ಲಿ 2006ರಿಂದಲೇ ಇದೆ. ಡಾಕ್ಟರು ಮೊದಲು ಬರೆದದ್ದೂ ಅದನ್ನೇ. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಆಗ ಸಿಗಲಿಲ್ಲ. ತರಿಸೋಣ ಎಂದರೆ ಯಾವಾಗ ಬರುತ್ತದೆ ಎಂದು ಸಪ್ಲೈಯರ್ ಹೇಳಲಿಲ್ಲ. ‘ಪ್ರೊಪೈಲಿನ್ ಗ್ಲೈಕಾಲ್ ಇಲ್ಲದ ದ್ರಾವಣ’ ಎಂದು ಬರೆದ ಒಂದು ಬಾಟಲಿ ಸಿಕ್ಕಿತು. ಅದರ ಬದಲು ಏನು ಹಾಕಿದ್ದಾರೆ ಎಂದು ಮಾತ್ರ ಲೇಬಲ್ ಹೇಳುತ್ತಿರಲಿಲ್ಲ. ಈಗಷ್ಟೇ ಅಲರ್ಜಿ ಪತ್ತೆಯಾದ ತಲೆಗೆ ಗುಟ್ಟಿನ ದ್ರಾವಣ ಬೇಡ ಎಂದು ಬಿಟ್ಟೆವು. ಫೋಮ್ ಬರುವ ತನಕ ಬೆರೆಸಿಕೊಡಲು ಡಾಕ್ಟರು ಚೀಟಿ ಬರೆದರು.

ಚೀಟಿಯ ಮೇಲೆ ಹೀಗೆ ಬೆರೆಸಿಕೊಡುವುದು ಫಾರ್ಮಸಿಸ್ಟ್ ಕೆಲಸವೇ. 1940ರ ಔಷಧ ಕಾಯ್ದೆ ಅಂಗಡಿಯಲ್ಲಿ ಮಾಮೂಲಾಗಿ ಔಷಧಿ ಬೆರೆಸಿ ಕೊಡುವುದನ್ನು ತಯಾರಿಕೆ ಎಂದು ಎಣಿಸುವುದಿಲ್ಲ. ಹಾಗಂತ ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ ಇದು. ಶುದ್ಧ ಔಷಧಿ ಪುಡಿ ಬೇಕು, ಔಷಧ ದರ್ಜೆಯ ಈಥೈಲ್ ಆಲ್ಕೋಹಾಲ್ ಬೇಕು. ಗಾಯ ತೊಳೆಯುವ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಮಾತ್ರೆ ಪುಡಿ ಮಾಡಿ ಹಾಕಿಕೊಂಡವರನ್ನು ನೋಡಿದ್ದೇನೆ. ಬೇಡ.

ಮೊದಲು ನೋಡಿದ್ದು ಗ್ಲಿಸರಿನ್. ಚರ್ಮಕ್ಕೆ ಅದಕ್ಕಿಂತ ಸಾಧುವಾದದ್ದು ಸಿಗುವುದು ಕಷ್ಟ. ಪ್ರೊಪೈಲಿನ್ ಗ್ಲೈಕಾಲ್ ಜಾಗಕ್ಕೆ ಅದನ್ನೇ ಹಾಕಿ 5% ಮಾಡಿದರೆ ಹೇಗೆ ಎಂದು ಒಂದು ಸಣ್ಣ ಬಾಟಲಿ ಬೆರೆಸಿದೆ. ಬಿಸಿ ಮಾಡಿದಾಗ ಕರಗಿದ ಹಾಗೆ ಕಂಡಿತು. ಫ್ರಿಡ್ಜಿನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಅಡಿಯಲ್ಲಿ ಬಿಳಿ ಹರಳು ಕೂತಿತ್ತು. ಗ್ಲಿಸರಿನ್ ಮೆತ್ತಗಿನ ವಸ್ತು ನಿಜ, ಆದರೆ ಮಿನಾಕ್ಸಿಡಿಲನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹರಳು ಕೂತ ಬಾಟಲಿಯ ದೊಡ್ಡ ಅಪಾಯ ಉರಿ ಅಲ್ಲ, ಅಳತೆ. ಮೇಲಿನ ದ್ರವದಲ್ಲಿ ಔಷಧಿ ಕಡಿಮೆ, ಕೊನೆಯ ಕೆಲವು ಮಿಲಿಯಲ್ಲಿ ಅಲುಗಾಡಿಸಿದಷ್ಟೂ ಜಾಸ್ತಿ. ಇದು ಬಿಪಿ ಇಳಿಸುವ ಔಷಧಿ ಎಂಬುದನ್ನು ಮರೆಯುವ ಹಾಗಿಲ್ಲ. ಕೊಡಗಿನ ಡಿಸೆಂಬರ್ ರಾತ್ರಿಯಲ್ಲಿ ಬಚ್ಚಲ ಗೂಡಿನಲ್ಲಿಟ್ಟ ಬಾಟಲಿಯೂ ಸಾಕಷ್ಟು ತಣ್ಣಗಾಗುತ್ತದೆ. ಅದಕ್ಕೇ ಫ್ರಿಡ್ಜ್ ಪರೀಕ್ಷೆ.

ಗ್ಲಿಸರಿನ್ ಜಾಸ್ತಿಯಾದರೆ ಇನ್ನೊಂದು ಕಿರಿಕಿರಿ. ಅದು ಗಾಳಿಯ ತೇವ ಎಳೆಯುತ್ತದೆ. ಮಳೆಗಾಲದಲ್ಲಿ ಟೋಪಿಯ ಕೆಳಗೆ ಇಡೀ ದಿನ ಅಂಟಂಟು.

ಎರಡನೆಯದು ಬ್ಯುಟೈಲಿನ್ ಗ್ಲೈಕಾಲ್. ಸೌಂದರ್ಯವರ್ಧಕಗಳಲ್ಲಿ ಧಾರಾಳವಾಗಿ ಬಳಸುತ್ತಾರೆ, ಪ್ರೊಪೈಲಿನ್ ಗ್ಲೈಕಾಲಿಗಿಂತ ಕಡಿಮೆ ಕೆರಳಿಸುತ್ತದೆ ಎಂಬ ಹೆಸರಿದೆ. ಆದರೆ ಎರಡೂ ಒಂದೇ ಕುಟುಂಬ. ಒಂದಕ್ಕೆ ಅಲರ್ಜಿ ಇದ್ದ ಕೆಲವರಿಗೆ ಇನ್ನೊಂದಕ್ಕೂ ಆಗಿದ್ದುಂಟು, ಅಪರೂಪಕ್ಕೆ. ಹಾಗಾಗಿ ತಲೆಗೆ ಹೋಗುವ ಮೊದಲು ಕೈ. ಮಿನಾಕ್ಸಿಡಿಲ್ ಇಲ್ಲದ ಬರೀ ದ್ರಾವಕವನ್ನು ಮೊಣಕೈ ಒಳಭಾಗದಲ್ಲಿ ದಿನಕ್ಕೆ ಎರಡು ಸಲ, ಒಂದೇ ಜಾಗಕ್ಕೆ, ಒಂದೆರಡು ವಾರ ಹಚ್ಚಿ ನೋಡುವ ಪರೀಕ್ಷೆ ಇದೆ. ಖರ್ಚಿಲ್ಲ, ಕಾಯುವ ತಾಳ್ಮೆ ಬೇಕು ಅಷ್ಟೇ. ರೈಟರಿಗೆ ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ವಾರ ತುಂಬುವ ಹೊತ್ತಿಗೆ ಸಣ್ಣ ತುರಿಕೆ, ತಿಳಿಗೆಂಪು. ‘ಇಷ್ಟೇ ಅಲ್ವಾ ಡಾಕ್ಟ್ರೇ, ತಡ್ಕೊಳ್ತೀನಿ’ ಎಂದರಂತೆ. ಇದು ವರ್ಷಗಟ್ಟಲೆ ಹಚ್ಚಬೇಕಾದ ಔಷಧಿ, ತಡ್ಕೊಳ್ಳುವ ಲೆಕ್ಕದಲ್ಲಿ ಶುರು ಮಾಡಬಾರದು ಎಂದು ಡಾಕ್ಟರು ಅದನ್ನು ಕೈಬಿಟ್ಟರು. ಅನುಮಾನದ ಕೆಂಪನ್ನು ಅಲರ್ಜಿ ಎಂದೇ ಹಿಡಿಯಬೇಕೇ ಎಂದು ವಾದ ಮಾಡಬಹುದು. ಈ ಸಂದರ್ಭದಲ್ಲಿ ಅವರ ತೀರ್ಮಾನ ನನಗೆ ಸರಿ ಎನಿಸಿತು.

ಡಿಎಂಎಸ್‌ಓ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ಇನ್ನೊಂದು ದ್ರಾವಕದ ಬಗ್ಗೆ ರೈಟರೇ ಕೇಳಿದರು, ಎಲ್ಲೋ ವಿಡಿಯೋ ನೋಡಿದ್ದರಂತೆ. ಅದು ಚರ್ಮದೊಳಗೆ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ, ಬೇಡದ್ದನ್ನೂ ಸೇರಿಸಿ. ಸಾಲದ್ದಕ್ಕೆ ಮಿನಾಕ್ಸಿಡಿಲ್ ಅದರಲ್ಲಿ ಆಲ್ಕೋಹಾಲಿಗಿಂತ ಕಡಿಮೆ ಕರಗುತ್ತದೆ. ಆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಉಳಿದದ್ದು ಆಲ್ಕೋಹಾಲ್ ಮತ್ತು ನೀರು. ಇಲ್ಲಿ ಡಾಕ್ಟರು ಪ್ರಶ್ನೆಯನ್ನೇ ಬದಲಿಸಿದರು. 5% ಹಿಡಿಯುವ ದ್ರಾವಕ ಯಾವುದು ಎಂದು ಹುಡುಕುವುದನ್ನು ಬಿಟ್ಟು, ಈ ತಲೆ ಒಪ್ಪುವ ದ್ರಾವಕ ಎಷ್ಟು ಔಷಧಿ ಹಿಡಿಯುತ್ತದೋ ಅಷ್ಟೇ ಕೊಡೋಣ ಎಂದರು. 2% ಆದರೆ ಪ್ರೊಪೈಲಿನ್ ಗ್ಲೈಕಾಲ್ ಬೇಕಾಗಿಯೇ ಇಲ್ಲ. ಗಂಡಸರಲ್ಲಿ 2%ಗಿಂತ 5% ಚೆನ್ನಾಗಿ ಕೆಲಸ ಮಾಡುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಹಚ್ಚಲಾಗದ 5%ಗಿಂತ ದಿನಾ ಹಚ್ಚುವ 2% ಮೇಲು.

ಮುಕ್ಕಾಲು ಪಾಲಿನ ಹತ್ತಿರ ಆಲ್ಕೋಹಾಲ್, ಬಾಕಿ ನೀರು, ತೀರಾ ಸ್ವಲ್ಪ ಗ್ಲಿಸರಿನ್. ಗ್ಲಿಸರಿನ್ ಇಲ್ಲಿ ಕರಗಿಸಲು ಅಲ್ಲ, ಆಲ್ಕೋಹಾಲ್ ಒಣಗಿಸುವ ಚರ್ಮಕ್ಕೆ ಒಂದಿಷ್ಟು ಪಸೆ ಇರಲಿ ಎಂದು. ಫ್ರಿಡ್ಜಿನಲ್ಲಿ ತಿಳಿಯಾಗಿಯೇ ಉಳಿಯಿತು. ಮೊಣಕೈ ಪರೀಕ್ಷೆಯಲ್ಲೂ ಏನೂ ಆಗಲಿಲ್ಲ. ಒಂದು ತಿಂಗಳಿಗೆ ಸಾಕಾಗುವಷ್ಟೇ ಬೆರೆಸಿ, ಬಾಟಲಿ ಮೇಲೆ ಕೊನೆಯ ದಿನಾಂಕ ಬರೆದುಕೊಟ್ಟೆ. ಕಂಪನಿ ಬಾಟಲಿಗಿರುವ ವರ್ಷಗಳ ಪರೀಕ್ಷೆ ಇದಕ್ಕಿಲ್ಲ.

ಪ್ರೊಪೈಲಿನ್ ಗ್ಲೈಕಾಲ್ ತೆಗೆದದ್ದಕ್ಕೆ ಬೆಲೆ ಇಲ್ಲದಿಲ್ಲ. ಆಲ್ಕೋಹಾಲ್ ಆರಿದ ಮೇಲೂ ಅದು ಚರ್ಮದ ಮೇಲೆ ಉಳಿದು ಔಷಧಿಯನ್ನು ಕರಗಿದ ಸ್ಥಿತಿಯಲ್ಲೇ ಇಡುತ್ತಿತ್ತು. ಅದಿಲ್ಲದಿದ್ದರೆ ಹರಳು ಬೇಗ ಕಟ್ಟುತ್ತದೆ, ಹರಳು ಚರ್ಮದೊಳಗೆ ಇಳಿಯುವುದಿಲ್ಲ. ಇದನ್ನು ರೈಟರಿಗೆ ಮುಚ್ಚಿಡದೆ ಹೇಳಿದೆವು. ಕಡಿಮೆ ಅಳತೆಯ ಮಿನಾಕ್ಸಿಡಿಲ್ ಮಾತ್ರೆಯ ಮಾತೂ ಬಂತು. ಕೂದಲಿಗೆಂದು ಅದಕ್ಕೆ ಅಧಿಕೃತ ಒಪ್ಪಿಗೆ ಇಲ್ಲ, ಕಾಲು ಊತ, ಎದೆಬಡಿತ, ಬೇಡದ ಕಡೆ ಕೂದಲು ಬರಬಹುದು. ಆದರೂ ಹಚ್ಚಲಾಗದವರಿಗೆ ಡಾಕ್ಟರು ಯೋಚಿಸುವ ದಾರಿ ಅದು. ಸದ್ಯ ಬೇಡ ಎಂದು ಬದಿಗಿಟ್ಟರು.

ಹಚ್ಚುವ ರೀತಿ

ದ್ರಾವಕದಷ್ಟೇ ಕೆಲಸ ಇದರಿಂದಲೂ ಆಯಿತು ಎಂದು ನನ್ನ ನಂಬಿಕೆ. ರೈಟರ್ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ತಲೆಗೆ ಔಷಧಿ ಹಚ್ಚಿ, ಮೇಲೆ ಟೋಪಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿಕೊಂಡು ತೋಟಕ್ಕೆ ಹೊರಡುತ್ತಿದ್ದರು. ಒದ್ದೆ ಚರ್ಮ, ಮುಚ್ಚಿದ ತಲೆ. ಯಾವ ದ್ರಾವಕವಾದರೂ ಹೀಗೆ ಬಿಗಿಯಾಗಿ ಮುಚ್ಚಿದರೆ ಹೆಚ್ಚು ಕೆರಳಿಸುತ್ತದೆ. ಡಾಕ್ಟರು ಬೆಳಗಿನದನ್ನು ತೆಗೆದು ರಾತ್ರಿ ಒಂದೇ ಸಲಕ್ಕೆ ಇಳಿಸಿದರು. ಊಟಕ್ಕೆ ಮುಂಚೆ, ಪೂರ್ತಿ ಒಣಗಿದ ತಲೆಗೆ, ಮಲಗುವ ಹೊತ್ತಿಗೆ ಆರಿರುವ ಹಾಗೆ.

ಒಣಗಿದ ತಲೆ ಅಂದಕೂಡಲೇ ನಮ್ಮಲ್ಲಿ ಒಲೆ ನೆನಪಾಗುತ್ತದೆ. ಮಳೆಗಾಲದಲ್ಲಿ ಬಟ್ಟೆಯೂ ಕೂದಲೂ ಒಣಗುವುದು ಒಲೆಯ ಮುಂದೆಯೇ. ತಲೆ ಒಣಗಿಸಿಕೊಳ್ಳಿ, ಆದರೆ ಔಷಧಿ ಹಚ್ಚಿದ ಮೇಲೆ ಒಲೆಯ ಹತ್ತಿರ ಸುಳಿಯಬೇಡಿ, ಇದರಲ್ಲಿರುವುದು ಹೆಚ್ಚಿನಂಶ ಆಲ್ಕೋಹಾಲ್ ಎಂದು ಅವರ ಅಮ್ಮನಿಗೂ ಸೇರಿಸಿ ಹೇಳಿದೆ. ಮನೆಯಲ್ಲಿ ಬೆಕ್ಕು ಇದೆಯಾ ಎಂದೂ ಕೇಳಿದೆ. ನಕ್ಕರು. ನಗುವ ವಿಷಯ ಅಲ್ಲ. ಮಿನಾಕ್ಸಿಡಿಲ್ ಬೆಕ್ಕುಗಳಿಗೆ ವಿಷ, ದಿಂಬಿಗೆ ತಾಗಿದ್ದನ್ನು ನೆಕ್ಕಿದರೂ ಪ್ರಾಣಕ್ಕೆ ಅಪಾಯ.

ಆಮೇಲೆ ಏನಾಯಿತು

ಉರಿ ಮರಳಲಿಲ್ಲ. ಹಚ್ಚಿದ ಕ್ಷಣ ಚುರುಕ್ ಎನ್ನುವುದು ಮೊದಲ ಕೆಲವು ದಿನ ಇತ್ತು, ಅದು ಆಲ್ಕೋಹಾಲಿನದ್ದು, ಚರ್ಮ ಪೂರ್ತಿ ಮಾಯ್ದ ಮೇಲೆ ಹೋಯಿತು. ತಲೆಹೊಟ್ಟು ನಿಜಕ್ಕೂ ಸ್ವಲ್ಪ ಇತ್ತು, ಅದಕ್ಕೆ ಕೀಟೊಕೊನಜೋಲ್ ಶಾಂಪೂ ಸಾಕಾಯಿತು. ತುರಿಕೆಗೆ ಒಂದೇ ಕಾರಣ ಇರಬೇಕೆಂದೇನಿಲ್ಲ.

ಮದುವೆಯ ಹೊತ್ತಿಗೆ ಕೂದಲಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಈ ಔಷಧಿಯ ಫಲ ನೋಡಲು ನಾಲ್ಕರಿಂದ ಆರು ತಿಂಗಳು ಬೇಕು. ತಲೆಯ ಚರ್ಮ ಮಾತ್ರ ಚೆನ್ನಾಗಿತ್ತು, ಪೇಟ ಸುತ್ತಿಕೊಂಡು ದಿನವಿಡೀ ಕೂತರೂ ತುರಿಸಲಿಲ್ಲವಂತೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಡಾಕ್ಟರು ಹಳೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದರು. ನೆತ್ತಿಯಲ್ಲಿ ತುಸು ತುಂಬಿಕೊಂಡಿತ್ತು. ಹಣೆಯ ಮೂಲೆಗಳು ಇದ್ದಲ್ಲೇ ಇದ್ದವು.

ಫೋಮ್ ಅಷ್ಟರಲ್ಲಿ ಬಂದಿತ್ತು. 5%ಗೆ ಹೋಗೋಣವೇ ಎಂದು ರೈಟರೇ ಕೇಳಿದರು. ಡಾಕ್ಟರು ಒಪ್ಪಿದರು, ಮೊದಲು ಮೊಣಕೈಗೆ ಎಂಬ ಷರತ್ತಿನ ಮೇಲೆ. ಅದರಲ್ಲಿರುವ ಸೀಟೈಲ್, ಸ್ಟಿಯರೈಲ್ ಆಲ್ಕೋಹಾಲ್‌ಗೂ ಅಲರ್ಜಿ ಆಗುವವರಿದ್ದಾರೆ. ಇವರಿಗೆ ಆಗಲಿಲ್ಲ. ಬೆರೆಸಿದ ದ್ರಾವಣ ನಿಲ್ಲಿಸಿದೆವು. ಪರೀಕ್ಷೆಯಾದ ತಯಾರಿಕೆ ಸಿಗುವಾಗ ಬೆರೆಸಿಕೊಡುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಅವರ ಫೈಲಿನಲ್ಲಿ ಈಗ ಒಂದು ಚೀಟಿ ಇದೆ. ಪ್ರೊಪೈಲಿನ್ ಗ್ಲೈಕಾಲ್, 1,2-ಪ್ರೊಪೇನ್‌ಡಯಾಲ್, ಇ1520, ಮೂರೂ ಒಂದೇ ಎಂದು ಬರೆದಿದೆ. ಕೆಳಗೆ ಬ್ಯುಟೈಲಿನ್ ಗ್ಲೈಕಾಲ್ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಯಾವ ಡಾಕ್ಟರ ಹತ್ತಿರ ಹೋದರೂ, ಯಾವ ಮುಲಾಮು ಬರೆಸಿಕೊಂಡರೂ ತೋರಿಸಬೇಕು. ಅದರ ಒಂದು ಪ್ರತಿ ನಮ್ಮ ಅಂಗಡಿಯಲ್ಲೂ ಇದೆ, ನಾನು ರಜೆಯಲ್ಲಿದ್ದಾಗ ಕೌಂಟರಿನಲ್ಲಿ ಕೂರುವ ಹುಡುಗನಿಗೂ ಗೊತ್ತಾಗಲಿ ಎಂದು.